ಸಾಲಿನಲ್ಲಿ ಯಾವುದು ಮೊದಲು

ನಮ್ಮ ಸೈನ್ಯದಲ್ಲಿ ಪದಕಗಳನ್ನು ಎದೆಯ ಮೇಲೆ ಯಾವ ಕ್ರಮದಲ್ಲಿ ಧರಿಸಬೇಕು ಎಂಬುದಕ್ಕೆ ಸರ್ಕಾರದ್ದೇ ಒಂದು ಪಟ್ಟಿ ಇದೆ. ಎಲ್ಲಕ್ಕಿಂತ ಮೇಲೆ ಭಾರತರತ್ನ. ಆಮೇಲೆ ಪರಮವೀರ ಚಕ್ರ, ಅಶೋಕ ಚಕ್ರ. ಅವುಗಳ ಹಿಂದೆ ಪದ್ಮವಿಭೂಷಣ, ಪದ್ಮಭೂಷಣ. ನಂತರ ಸರ್ವೋತ್ತಮ ಯುದ್ಧ ಸೇವಾ ಪದಕ, ಪರಮ ವಿಶಿಷ್ಟ ಸೇವಾ ಪದಕ. ಇವೆಲ್ಲ ಆದಮೇಲೆ ಮಹಾವೀರ ಚಕ್ರದ ಸರದಿ. ಶತ್ರುವಿನ ಗುಂಡಿಗೆ ಎದೆ ಕೊಟ್ಟವನಿಗೆ ಸಿಗುವ ಎರಡನೆಯ ದೊಡ್ಡ ಪದಕ ಅದು. ಸಾಮಾನ್ಯವಾಗಿ ಲೆಫ್ಟಿನೆಂಟ್ ಜನರಲ್ ಮಟ್ಟದವರಿಗೆ ಅವರ ಅಸಾಧಾರಣ ಸೇವೆಗಾಗಿ ಕೊಡುವ ಪದಕ ಅದಕ್ಕಿಂತ ಮೇಲಿದೆ.

ನಾನು ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಕ್ಲರ್ಕ್ ಆಗಿ ಸೇರಿ ಸುಬೇದಾರನಾಗಿ ಹೊರಬಂದವನು. ಊರು ಚನ್ನರಾಯಪಟ್ಟಣದ ಕಡೆ. ಈ ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗೇ ಇರುತ್ತಿತ್ತು. ಪರೇಡು ಹತ್ತಿರ ಬಂದಾಗಲೆಲ್ಲ ಹುಡುಗರು ಬಂದು ಬಗ್ಗಿ ನೋಡುತ್ತಿದ್ದರು. ತಮ್ಮ ಪದಕಗಳ ಜಾಗ ಪಟ್ಟಿಯಲ್ಲಿ ಎಷ್ಟೋ ಕೆಳಗೆ. ಅದನ್ನು ಹುಡುಕುವಾಗ ಕಣ್ಣು ಮೇಲಿನ ಸಾಲುಗಳ ಮೇಲೂ ಹಾಯುತ್ತಿತ್ತು. ಹಾಗೆ ನೋಡಿದ ಒಬ್ಬಿಬ್ಬರಾದರೂ ಕೇಳಿಯೇ ಕೇಳುತ್ತಿದ್ದರು: 'ಸಾಬ್, ಇದು ನ್ಯಾಯವಾ?'

ಅವರು ಕೇಳುತ್ತಿದ್ದದ್ದು ಧರ್ಮದ ಪ್ರಶ್ನೆ. ಪ್ರಾಣ ಕೊಡುವುದಕ್ಕೂ ಜೀವಮಾನವಿಡೀ ದುಡಿಯುವುದಕ್ಕೂ ಒಂದೇ ತಕ್ಕಡಿ ಉಂಟೆ? ತ್ಯಾಗಕ್ಕೆ ಮೆಟ್ಟಿಲು ಕಟ್ಟಬಹುದೆ? ಕಟ್ಟಿದರೆ, ಯಾರು ಯಾವ ಮೆಟ್ಟಿಲಲ್ಲಿ ಎಂದು ಹೇಳುವ ಅಧಿಕಾರ ಯಾರದು? ಸೈನ್ಯ ಬಿಟ್ಟು ಊರಿಗೆ ಬಂದು ತೋಟ ನೋಡಿಕೊಂಡಿರುವ ಈಗಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಪದಕ ಕಟ್ಟುವ ಕೆಲಸದ ಬಗ್ಗೆ ಹೇಳಬೇಕು. ರಿಬ್ಬನ್ನಿನ ಅಗಲ 32 ಮಿಲಿಮೀಟರ್. ಬಕ್ರಂ ಇಟ್ಟು ಹೊಲಿದ ಪಟ್ಟಿಯ ಮೇಲೆ ಅವನ್ನು ಒಂದರ ಪಕ್ಕ ಒಂದು ಕೂರಿಸಿ, ಕೆಳಗೆ ಪದಕಗಳ ಅಂಚೆಲ್ಲ ಒಂದೇ ಗೆರೆಗೆ ಬರುವಂತೆ ಎಳೆದು ಹೊಲಿಯಬೇಕು. ಎಡ ಎದೆಯ ಮೇಲೆ ಧರಿಸುವುದು. ಹಿರಿಯ ಪದಕ ಗುಂಡಿಸಾಲಿನ ಹತ್ತಿರ, ಕಿರಿಯದು ತೋಳಿನ ಕಡೆಗೆ. ಪದಕಗಳು ಹೆಚ್ಚಾಗಿ ಜಾಗ ಸಾಲದೆ ಹೋದರೆ ಒಂದರ ಮೇಲೊಂದು ಏರುವಂತೆ ಕಟ್ಟುತ್ತಾರೆ. ಆಗ ಗುಂಡಿಸಾಲಿನ ಹತ್ತಿರದ್ದು ಮಾತ್ರ ಪೂರ್ತಿ ಕಾಣುತ್ತದೆ, ಉಳಿದವು ಅರ್ಧ ಮುಖ ಮರೆಸಿಕೊಂಡಿರುತ್ತವೆ. ಒಂಬತ್ತು ವರ್ಷದ ಸೇವೆಗೆ ಕೊಡುವ ಪದಕ ಕೊಟ್ಟಕೊನೆಯಲ್ಲಿ, ತೋಳಿನ ಹತ್ತಿರ ಇರುತ್ತದೆ. ಅನೇಕರಿಗೆ ಕೈಗೆ ಬಂದ ಮೊದಮೊದಲ ಪದಕಗಳಲ್ಲಿ ಅದೂ ಒಂದು. ಹೆಂಡತಿ ಮಕ್ಕಳಿಗೆ ತೋರಿಸಿ ಸಂಭ್ರಮಪಟ್ಟದ್ದು ಅದನ್ನೇ. ಆಮೇಲೆ ಒಂದೊಂದು ಹೊಸ ಪದಕ ಬಂದಾಗಲೂ ಅದು ಎದೆಯ ನಡುವಿನಿಂದ ಆಚೆಗಾಚೆಗೆ ಸರಿಯುತ್ತ ಹೋಗುತ್ತದೆ.

ನಮ್ಮ ಯೂನಿಟ್ಟಿನಲ್ಲಿ ಒಬ್ಬ ಹವಾಲ್ದಾರ್ ಇದ್ದ. ಅವನಿಗೆ ಆಪರೇಷನ್ ವಿಜಯ್ ಪದಕವೂ ಇತ್ತು, ಜಮ್ಮು ಕಾಶ್ಮೀರದ ಸೇವೆಗೆ ಸಿಕ್ಕಿದ ಸೈನ್ಯ ಸೇವಾ ಪದಕವೂ ಇತ್ತು. ಪಟ್ಟಿಯ ಪ್ರಕಾರ ವಿಜಯ್ ಪದಕ ಮೊದಲು. ಅವನು ಸೈನ್ಯ ಸೇವಾ ಪದಕವನ್ನು ಮುಂದಕ್ಕೆ ಕಟ್ಟಿಕೊಡಿ ಎಂದು ಕೇಳಿದ. ಜೊತೆಗಾರನೊಬ್ಬ ಅವನ ಕಣ್ಣೆದುರಿಗೇ ಹೋದದ್ದು ಆ ಪದಕದ ದಿನಗಳಲ್ಲಿ. ಕಟ್ಟಿಕೊಡಲು ಬರುವುದಿಲ್ಲ ಎಂದೆ. ಅವನು ವಾದಿಸಲಿಲ್ಲ. ಪದಕ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಪಟ್ಟಿಯಲ್ಲಿ ಇರುವ ಹಾಗೇ ಆಗಲಿ ಎಂದು ಕೊಟ್ಟುಹೋದ.

ಅವತ್ತು ನನಗೆ ಅರ್ಥವಾದದ್ದನ್ನು ಇಷ್ಟು ವರ್ಷದಲ್ಲಿ ಬದಲಿಸಬೇಕು ಅನ್ನಿಸಿಲ್ಲ. ಪದಕ ನನ್ನದು, ಅದರ ಜಾಗ ನನ್ನ ಕೈಯಲ್ಲಿಲ್ಲ. ನನಗೆ ಪ್ರಿಯವಾದದ್ದನ್ನು ಮುಂದೆ ತರುವ, ಬೇಡವಾದದ್ದನ್ನು ಹಿಂದೆ ಸರಿಸುವ ಹಕ್ಕನ್ನು ಈ ಪಟ್ಟಿ ನನ್ನಿಂದ ಕಸಿದುಕೊಳ್ಳುತ್ತದೆ. ಧರಿಸುವವನು ತನ್ನ ಕೆಲಸಕ್ಕೆ ತಾನೇ ಬೆಲೆ ಕಟ್ಟಬಾರದು ಎನ್ನುವುದೇ ಅದರ ಆಜ್ಞೆ. ಅಹಂಕಾರವನ್ನು ಬಿಡು ಎಂದು ಹೇಳಿದರೆ ಯಾವ ಮನುಷ್ಯನೂ ಬಿಡುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಬರೀ ಉಪದೇಶಕ್ಕೆ ನಿಲ್ಲಲಿಲ್ಲ. ವ್ರತ ಮಾಡಿದರು, ಮಡಿ ಮಾಡಿದರು, ಪಂಕ್ತಿಯಲ್ಲಿ ಕೂರುವ ಕ್ರಮ ಮಾಡಿದರು. ಅವುಗಳಲ್ಲಿ ಕೆಲವು ಕೊಳೆತು ಹೋಗಿ ಮನುಷ್ಯರನ್ನು ಮೇಲುಕೀಳು ಮಾಡಲು ಬಳಕೆಯಾದವು, ಅದನ್ನು ಮುಚ್ಚಿಟ್ಟುಕೊಳ್ಳಬೇಕಾಗಿಲ್ಲ. ಪದಕಗಳ ಕ್ರಮ ಹಾಗಲ್ಲ. ಅಲ್ಲಿ ಶ್ರೇಣಿ ಇರುವುದು ಪದಕ ಪದಕದ ನಡುವೆ. ಒಬ್ಬನ ಎದೆಗೂ ಇನ್ನೊಬ್ಬನ ಎದೆಗೂ ಹೋಲಿಕೆ ಮಾಡಿ ಎಂದು ಆ ಕಾಗದ ಎಲ್ಲಿಯೂ ಹೇಳುವುದಿಲ್ಲ. ಒಬ್ಬನೇ ಮನುಷ್ಯನ ಎದೆಯ ಮೇಲೆ ಯಾವುದು ಎಲ್ಲಿ ಎಂದಷ್ಟೇ ಹೇಳುತ್ತದೆ.

ಹುಡುಗರಿಗೆ ಈ ಉತ್ತರ ಸಾಲುತ್ತಿರಲಿಲ್ಲ. ಸಾಲಬಾರದು ಕೂಡ. ಯಾಕೆಂದರೆ ಪಟ್ಟಿ ಮಾಡಿದವರು ಏನೋ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡಲೇಬೇಕಾಯಿತು. ಹಾಗೆ ಇಟ್ಟದ್ದರ ಹಿಂದೆ ಒಂದು ನಂಬಿಕೆ ಇದ್ದೇ ಇದೆ.

ಪರಮವೀರ ಚಕ್ರವನ್ನೇ ತೆಗೆದುಕೊಳ್ಳಿ. 1950ರ ಜನವರಿ 26ರಂದು ಸ್ಥಾಪನೆಯಾಗಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಯಿತು. ಇಲ್ಲಿಯವರೆಗೆ ಅದನ್ನು ಪಡೆದವರು 21 ಮಂದಿ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ ಬಂತು. ಪದಕದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಯುರೋಪಿನಲ್ಲಿ ಹುಟ್ಟಿ, ಭಾರತದ ಸೈನ್ಯಾಧಿಕಾರಿಯನ್ನು ಮದುವೆಯಾಗಿ, ನಮ್ಮ ಪುರಾಣಗಳನ್ನು ನಮಗಿಂತ ಶ್ರದ್ಧೆಯಿಂದ ಓದಿಕೊಂಡ ಹೆಣ್ಣುಮಗಳು. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ರೂಪ. ವಜ್ರಾಯುಧ ಆದದ್ದು ದಧೀಚಿಯ ಎಲುಬಿನಿಂದ. ವೃತ್ರನನ್ನು ಕೊಲ್ಲಲು ಬೇರೆ ದಾರಿಯಿಲ್ಲ ಎಂದು ದೇವತೆಗಳು ಬಂದು ಬೇಡಿದಾಗ ಆ ಋಷಿ ದೇಹ ಬಿಟ್ಟು ಎಲುಬು ಕೊಟ್ಟ. ಗೆದ್ದದ್ದು ಇಂದ್ರ, ಕೀರ್ತಿ ಬಂದದ್ದೂ ಅವನಿಗೆ. ಪದಕದ ಮೇಲಿನ ವಜ್ರ ನೋಡುವಾಗ ನನಗೆ ಇಂದ್ರನಿಗಿಂತ ದಧೀಚಿಯೇ ಹೆಚ್ಚು ನೆನಪಾಗುತ್ತಾನೆ. ಆ ಪದಕ ಕಂಚಿನದು. ಅದಕ್ಕಿಂತ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರಗಳು ಬೆಳ್ಳಿಯವು. ಲೋಹದ ಬೆಲೆಗೂ ಪದಕದ ಮಾನಕ್ಕೂ ಸಂಬಂಧ ಇಡದಿದ್ದದ್ದು ಬಹಳ ಒಳ್ಳೆಯ ಕೆಲಸವೆಂದು ನಾನು ಎಣಿಸುತ್ತೇನೆ.

ಪರಮವೀರ ಚಕ್ರದ ನಂತರದ ಸ್ಥಾನದಲ್ಲಿ ಅಶೋಕ ಚಕ್ರ. ಶೌರ್ಯ ಅದೇ, ಯುದ್ಧಭೂಮಿಯದ್ದಲ್ಲ ಅನ್ನುವುದೊಂದೇ ವ್ಯತ್ಯಾಸ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರಿನಲ್ಲಿ ಮುಂಬೈಯ ತಾಜ್ ಹೋಟೆಲಿನೊಳಗೆ ಭಯೋತ್ಪಾದಕರ ಎದುರು ಹೋರಾಡಿ ಪ್ರಾಣ ಬಿಟ್ಟರು. ಅವರಿಗೆ ಬಂದದ್ದು ಅಶೋಕ ಚಕ್ರ. ಗುಂಡಿಗೆ ಯುದ್ಧ ಯಾವುದು, ಶಾಂತಿ ಯಾವುದು ಎಂದು ಗೊತ್ತಾಗುವುದಿಲ್ಲ. ಪಟ್ಟಿ ಒಂದು ಗೆರೆ ಎಳೆಯಬೇಕು, ಎಳೆದಿದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹುಡುಗರಿಗೆ ಕಷ್ಟವಾಗುತ್ತಿದ್ದದ್ದು ಸೇವಾ ಪದಕಗಳ ಸ್ಥಾನ. ಪರಮ ವಿಶಿಷ್ಟ ಸೇವಾ ಪದಕ ಮಹಾವೀರ ಚಕ್ರಕ್ಕೆ ಮೇಲೆ, ಅತಿ ವಿಶಿಷ್ಟ ಸೇವಾ ಪದಕ ವೀರ ಚಕ್ರಕ್ಕೆ ಮೇಲೆ. ಇದಕ್ಕೊಂದು ಸಮರ್ಥನೆ ಇದೆ, ಅದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಶೌರ್ಯ ಒಂದು ಗಳಿಗೆಯದ್ದು. ಆ ಗಳಿಗೆಯಲ್ಲಿ ಮನುಷ್ಯ ತನ್ನನ್ನು ಮೀರುತ್ತಾನೆ. ಸೇವೆ ಮೂವತ್ತು ನಲವತ್ತು ವರ್ಷದ್ದು. ಸಾವಿರಾರು ಜನರ ಊಟ, ಬೂಟು, ರಜೆ, ಜೀವ ಎಲ್ಲವೂ ಒಬ್ಬನ ತಲೆಯ ಮೇಲಿರುತ್ತವೆ. ಅವನು ದಿನವೂ ಸರಿಯಾದ ತೀರ್ಮಾನ ತೆಗೆದುಕೊಂಡರೆ ಎಷ್ಟೋ ಹುಡುಗರಿಗೆ ಶೌರ್ಯ ತೋರಿಸುವ ಪ್ರಸಂಗವೇ ಬರುವುದಿಲ್ಲ, ಜೀವಂತ ಮನೆಗೆ ಹೋಗುತ್ತಾರೆ. ಕರ್ಮಯೋಗ ಎಂದು ಗೀತೆ ಹೇಳುವುದು ಈ ದಿನನಿತ್ಯದ ದುಡಿಮೆಗೆ ಚೆನ್ನಾಗಿ ಹೊಂದುತ್ತದೆ. ಕಾಯಕವೇ ದೊಡ್ಡದು ಎಂದ ನಮ್ಮ ಶರಣರೂ ಇದನ್ನು ಒಪ್ಪಿಯಾರು.

ಇಷ್ಟೆಲ್ಲ ಹೇಳಿಯೂ ನಾನು ಆ ಸ್ಥಾನವನ್ನು ಮನಸಾರೆ ಒಪ್ಪಲಾರೆ. ದೀರ್ಘ ಸೇವೆ ಮಾಡಿದವನಿಗೆ ಸಂಬಳ ಬಂದಿದೆ, ಬಡ್ತಿ ಬಂದಿದೆ, ವಯಸ್ಸಾಗುವ ಭಾಗ್ಯ ಬಂದಿದೆ. ಇಪ್ಪತ್ಮೂರು ವರ್ಷದ ಹುಡುಗನೊಬ್ಬ ಒಂದು ಗಳಿಗೆಯಲ್ಲಿ ಇವೆಲ್ಲವನ್ನೂ ಕೊಟ್ಟುಬಿಟ್ಟ. ಅವನು ಕೊಟ್ಟದ್ದು ಆ ಒಂದು ಗಳಿಗೆಯನ್ನಷ್ಟೇ ಎಂದು ಎಣಿಸಬಾರದು. ಮುಂದಿನ ಐವತ್ತು ವರ್ಷವೂ ಅದರೊಳಗೇ ಹೋಯಿತು. ಪಟ್ಟಿ ಮಾಡುವ ಅಧಿಕಾರ ನನಗಿದ್ದಿದ್ದರೆ ಮಹಾವೀರ ಚಕ್ರವನ್ನು ಎತ್ತಿ ಅಶೋಕ ಚಕ್ರದ ಪಕ್ಕದಲ್ಲೇ ಇಡುತ್ತಿದ್ದೆ. ಹಾಗಂತ ಹುಡುಗರಿಗೆ ಹೇಳುತ್ತಲೂ ಇದ್ದೆ. ಆದರೆ ಹೊಲಿಯುವಾಗ ಮಾತ್ರ ಪಟ್ಟಿಯಂತೆಯೇ.

ಇದಕ್ಕಿಂತ ಆಳವಾದ ಪ್ರಶ್ನೆ ಇನ್ನೊಂದಿದೆ. ತಾನಾಗಿ ಮಾಡಿದ್ದಕ್ಕೂ ತನಗೆ ಒದಗಿಬಂದದ್ದನ್ನು ಸಹಿಸಿದ್ದಕ್ಕೂ ಬೆಲೆ ಒಂದೆಯೆ? ಗಾಯಗೊಂಡವರಿಗೆ ಪರಾಕ್ರಮ ಪದಕ ಎಂದೊಂದಿದೆ. ಶತ್ರುವಿನ ಕೈಯಲ್ಲಿ ಗಾಯವಾದವನಿಗೆ ಅದು. ಪಟ್ಟಿಯಲ್ಲಿ ಶೌರ್ಯ ಪದಕಗಳ, ವಿಶಿಷ್ಟ ಸೇವಾ ಪದಕಗಳ ಕೆಳಗೆ ಬರುತ್ತದೆ. ಗಾಯ ಆಯ್ಕೆಯಲ್ಲ, ಬಂದೆರಗಿದ್ದು ಎನ್ನುವ ತರ್ಕ. ಕಾಲು ಕಳೆದುಕೊಂಡವನು ಪ್ರತಿದಿನ ಬೆಳಿಗ್ಗೆ ಎದ್ದು ಕೃತಕ ಕಾಲು ಕಟ್ಟಿಕೊಳ್ಳುವುದು ಆಯ್ಕೆಯಲ್ಲವೆ ಎಂದು ಕೇಳಿದರೆ ಆ ತರ್ಕ ಅಲ್ಲಿಗೆ ನಿಲ್ಲುತ್ತದೆ.

ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯದೆ ಈ ಮಾತು ಮುಂದಕ್ಕೆ ಹೋಗುವುದಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕಿಕೊಂಡರು. ಎಲ್ಲರೂ ಹೋದರೆಂದೇ ದೇಶ ತಿಳಿದಿತ್ತು. ಆರನೆಯ ದಿನ ಅಗೆಯುತ್ತ ಹೋದವರಿಗೆ ಹನುಮಂತಪ್ಪ ಉಸಿರಾಡುತ್ತಿರುವುದು ಕಂಡಿತು. ಫೆಬ್ರುವರಿ 11ರಂದು ದೆಹಲಿಯ ಸೈನ್ಯದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರುವರ್ಷ ಸೇನಾ ಪದಕ ಬಂತು. ಶೌರ್ಯದ ಸಾಲಿನಲ್ಲಿ ಸೇನಾ ಪದಕ ಕೆಳಗಿನದು, ಶೌರ್ಯ ಚಕ್ರದ ನಂತರದ್ದು. ಆ ಆರು ದಿನ ಅವರೆದುರು ಶತ್ರು ಇರಲಿಲ್ಲ, ಕೈಯಲ್ಲಿ ಆಯುಧ ಇರಲಿಲ್ಲ. ಮಾಡುವುದಕ್ಕೇ ಏನೂ ಇರಲಿಲ್ಲ. ಉಸಿರು ಬಿಡದಿರುವುದೊಂದೇ ಕೆಲಸ. ಅದನ್ನು ಕರ್ಮವೆನ್ನಬೇಕೆ, ಕರ್ಮವಿಲ್ಲದ ಸ್ಥಿತಿ ಎನ್ನಬೇಕೆ? ಜೈನರು ಪರೀಷಹಜಯ ಎನ್ನುತ್ತಾರೆ. ಚಳಿ, ಹಸಿವು, ಬಾಯಾರಿಕೆ ಇವುಗಳನ್ನು ವಿಚಲಿತನಾಗದೆ ಸಹಿಸುವುದು. ಅದನ್ನು ಮುನಿಯ ಸಾಧನೆಯ ಅಂಗವೆಂದೇ ಎಣಿಸುತ್ತಾರೆ. ಆ ಲೆಕ್ಕದಲ್ಲಿ ನೋಡಿದರೆ ಹಿಮದಡಿಯ ಆರು ದಿನ ಯಾವ ಆಕ್ರಮಣಕ್ಕೂ ಕಡಿಮೆಯಲ್ಲ. ಸರ್ಕಾರದ ಪಟ್ಟಿಗೆ ಇದನ್ನು ಅಳೆಯುವ ಕೋಲು ಇಲ್ಲ. ನಾನು ಅದನ್ನು ದೂರುವುದಿಲ್ಲ. ಅಳೆಯಲು ಆಗದ್ದು ಇದೆ ಎಂದು ಮಾತ್ರ ನಾವು ಮರೆಯಬಾರದು.

ಪದಕಕ್ಕೆ ಸಾಕ್ಷಿ ಬೇಕು. ಕ್ಲರ್ಕ್ ಆಗಿದ್ದವನಿಗೆ ಇದು ಚೆನ್ನಾಗಿ ಗೊತ್ತು. ಶಿಫಾರಸಿನ ಕಾಗದದಲ್ಲಿ ಯಾರು ನೋಡಿದರು, ಎಲ್ಲಿಂದ ನೋಡಿದರು ಎಂದು ಬರೆಯಬೇಕು. ಯಾರೂ ನೋಡದ ಶೌರ್ಯಕ್ಕೆ ಏನು ಗತಿ?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ ಮೀಸಲು ಪೈಲಟ್ ಆಗಿದ್ದರು. ಒಂದು ವಿಮಾನ ಹಿಂದೆ ಸರಿದಾಗ ಅದರ ಜಾಗಕ್ಕೆ ಹೋದರು. ಮರಳುವಾಗ ಅವರ ಮಿಸ್ಟೇರ್ ವಿಮಾನದ ಮೇಲೆ, ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಎರಗಿತು. ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಕಾದಾಡಿ ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಹಾರಿಕೊಂಡು ಬದುಕಿದ. ದೇವಯ್ಯ ಬದುಕಲಿಲ್ಲ. ನಮ್ಮ ಕಡೆಯ ಯಾರೂ ಇದನ್ನು ನೋಡಿರಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ಮರಳಿ ಬಾರದ ಒಬ್ಬ ಪೈಲಟ್, ಅಷ್ಟೆ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಸಂಗ್ರಹಿಸಿ ಬರೆದ ಪುಸ್ತಕದಿಂದ ಆ ಕಾಳಗದ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಅವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಶತ್ರುವಿನ ಕಡೆ.

ನಮ್ಮವರು ಸೂರ್ಯನನ್ನು ಕರ್ಮಸಾಕ್ಷಿ ಎನ್ನುತ್ತಾರೆ. ಆ 23 ವರ್ಷ ದೇವಯ್ಯನವರ ಕೆಲಸ ಎಲ್ಲಿತ್ತು ಎಂದು ನಾನು ಯೋಚಿಸುತ್ತೇನೆ. ಪದಕವಿಲ್ಲದೆಯೂ ಅದು ಪೂರ್ಣವಾಗಿತ್ತು. 1965ರ ಆ ದಿನವೇ ಮುಗಿದು, ಇನ್ನೇನೂ ಸೇರಿಸಲಾಗದ ಹಾಗೆ ಇತ್ತು. 1988ರಲ್ಲಿ ಅದಕ್ಕೆ ಒಂದು ಗುಲಗಂಜಿಯಷ್ಟೂ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ನಮ್ಮ ತಿಳಿವು, ತೀರಿದ್ದು ನಮ್ಮ ಋಣ. ಹಾಗಾದರೆ ಪದಕ ಯಾರಿಗಾಗಿ? ಪಡೆದವನಿಗೆ ಅಂತ ನಾನು ಈಗ ನಂಬುವುದಿಲ್ಲ. ಅದು ಕೊಟ್ಟವರು ತಮ್ಮ ಋಣಕ್ಕೆ ಬರೆದುಕೊಟ್ಟ ಪತ್ರ, ಪಡೆದವನ ಎದೆ ಅದನ್ನು ತೂಗುಹಾಕುವ ಜಾಗ. ಹೀಗೆ ನೋಡಿದರೆ ಕ್ರಮವನ್ನು ಧರಿಸುವವನು ನಿರ್ಧರಿಸಬಾರದು ಎಂಬುದೂ ಸರಿಹೋಗುತ್ತದೆ. ಸಾಲಪತ್ರ ಬರೆಯುವವನು ಸಾಲಗಾರ.

ತೀರಿಕೊಂಡ ಸೈನಿಕನ ಪದಕಗಳನ್ನು ಅವನ ಮನೆಯವರು ಸ್ಮಾರಕದ ಕಾರ್ಯಕ್ರಮಗಳಲ್ಲಿ ಧರಿಸಬಹುದು. ಧರಿಸಬೇಕಾದದ್ದು ಬಲ ಎದೆಯ ಮೇಲೆ. ನೋಡಿದ ತಕ್ಷಣ ಗೊತ್ತಾಗಬೇಕು, ಇವು ಇವರವಲ್ಲ, ಇವರು ಹೊತ್ತಿರುವುದಷ್ಟೇ. ಹೋಮದಲ್ಲಿ ಆಹುತಿ ಹಾಕಿ 'ನ ಮಮ' ಎನ್ನುತ್ತಾರಲ್ಲ, ಬಲಗಡೆಯ ಪದಕಗಳು ನನಗೆ ಆ ಮಾತಿನ ಹಾಗೆ ಕೇಳಿಸುತ್ತವೆ. ಎಡಗಡೆ ಧರಿಸುವ ನಾವೂ ಅದನ್ನೇ ಅನ್ನಬೇಕು. ನಮಗೆ ಅದು ಹೆಚ್ಚು ಕಷ್ಟ.

ಎಷ್ಟು ಕಷ್ಟ ಎಂಬುದನ್ನು ತಿಳಿಯಲು ನಮ್ಮ ಶ್ರವಣಬೆಳಗೊಳದ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಅವನ ಬಿರುದುಗಳ ಸಾಲು ಯಾವ ಜನರಲ್‌ನ ರಿಬ್ಬನ್ನುಗಳಿಗೂ ಕಡಿಮೆಯಿಲ್ಲ. ನೊಳಂಬರೊಡನೆ ಗೋನೂರಿನ ಬಯಲಲ್ಲಿ ಕಾದಿದ್ದಕ್ಕೆ ವೀರಮಾರ್ತಾಂಡ, ಉಚ್ಚಂಗಿ ಕೋಟೆಯ ಕಾಳಗಕ್ಕೆ ರಣರಂಗಸಿಂಗ. ಹೀಗೆ ಯಾವ ರಣಕ್ಕೆ ಯಾವ ಬಿರುದು ಎಂಬ ವಿವರವನ್ನು 978ರ ಚಾವುಂಡರಾಯ ಪುರಾಣದಲ್ಲಿ ಅವನೇ ಕೊಟ್ಟಿದ್ದಾನೆ. ಸುಳ್ಳಾಡದವನೆಂದು ಸತ್ಯಯುಧಿಷ್ಠಿರ ಎಂಬ ಬಿರುದೂ ಇತ್ತು. ಇಂಥವನು ಕಡೆಯಿಸಿದ್ದು ಮೈಮೇಲೆ ನೂಲೆಳೆಯೂ ಇಲ್ಲದ ಮೂರ್ತಿಯನ್ನು. ಆ ಗೊಮ್ಮಟ, ಅಂದರೆ ಬಾಹುಬಲಿ, ಸೋತು ಬಿಟ್ಟವನಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದು, ಗೆದ್ದದ್ದನ್ನು ಅಣ್ಣ ಭರತನಿಗೇ ಬಿಟ್ಟು ಕಾಡಿಗೆ ಹೋದವನು. ಬಳ್ಳಿ ಹಬ್ಬಿ, ಹುತ್ತ ಬೆಳೆದು, ವರ್ಷವಿಡೀ ನಿಂತರೂ ಕೇವಲಜ್ಞಾನ ಬರಲಿಲ್ಲ. ನಿಂತಿರುವ ನೆಲ ಭರತನದ್ದು ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಎಂದು ನಮ್ಮ ಕಡೆ ಹೇಳುತ್ತಾರೆ. ರಾಜ್ಯ ಬಿಟ್ಟವನಿಗೂ ತಾನು ಯಾರಿಗಿಂತ ಮೇಲೆ, ಯಾರಿಗಿಂತ ಕೆಳಗೆ ಎಂಬುದನ್ನು ಬಿಡುವುದು ಕೊನೆಯ ಕೆಲಸವಾಯಿತು.

ಅದೇ ಬೆಟ್ಟದ ಮೇಲೆ ತ್ಯಾಗದ ಕಂಬ ಇದೆ. ಅದರ ಮೇಲೆ ಚಾವುಂಡರಾಯನ ಪರಾಕ್ರಮದ ಶಾಸನವಿತ್ತು. ಈಗ ಉಳಿದಿರುವುದು ಒಂದು ಮುಖದ್ದು ಮಾತ್ರ. ಸುಮಾರು ಎರಡು ಶತಮಾನದ ನಂತರ ಹೆಗ್ಗಡೆ ಕಣ್ಣ ಎಂಬವನು ಉಳಿದ ಮೂರು ಮುಖಗಳನ್ನು ಅಳಿಸಿ ತನ್ನದೊಂದು ಪುಟ್ಟ ಶಾಸನ ಬರೆಸಿಕೊಂಡ. ಇತಿಹಾಸ ಬರೆಯುವವರಿಗೆ ಅದು ದೊಡ್ಡ ನಷ್ಟ, ನನಗೂ ಬೇಸರವೇ. ಗೊಮ್ಮಟನಿಗೆ ಮಾತ್ರ ಅಳಿಸಲು ಏನೂ ಇರಲಿಲ್ಲ.

ಹಾಗೆಂದು ಪದಕಗಳನ್ನು ಪೆಟ್ಟಿಗೆಗೆ ಹಾಕಿ ಮರೆತುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗೊಮ್ಮಟನ ದಾರಿ ಎಲ್ಲರದ್ದಲ್ಲ. ಸೈನಿಕನಿಗೆ ಸಂಸಾರವಿದೆ, ಊರಿದೆ, ಸತ್ತ ಗೆಳೆಯರ ಋಣವಿದೆ. ಅವನಿಗೆ ಹೊಂದುವ ದಾರಿಯೊಂದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿದೆ. ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದು ರಾಷ್ಟ್ರಕೂಟ ಕೃಷ್ಣನಿಗೆ ಗೆಲುವು ತಂದ. ಆ ಯುದ್ಧದಲ್ಲಿ ಬೂತುಗನ ಮುಂದೆ ನಿಂತು ಕಾದಿದವನು ಮಣಲೇರ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರು ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ದೊರೆಯ ಗೆಲುವು, ಆಳಿನ ಪರಾಕ್ರಮ, ನಾಯಿಯ ಸಾವು ಮೂರೂ ಒಂದೇ ಕಲ್ಲಿನ ಮೇಲಿವೆ. ಚಿತ್ರವಾಗಿ ಕೆತ್ತಿರುವುದು ನಾಯಿ ಮತ್ತು ಹಂದಿಯನ್ನು. ಮೇಲಿಂದ ಬಂದ ಮೆಚ್ಚುಗೆಯನ್ನು ಮಣಲೇರ ಬೇಡವೆನ್ನಲಿಲ್ಲ, ಗೌರವದಿಂದ ತೆಗೆದುಕೊಂಡ. ತೆಗೆದುಕೊಂಡದ್ದನ್ನು ತನ್ನೊಂದಿಗೆ ಹೋರಾಡುವ ಒಂದು ಜೀವದ ಕಡೆಗೆ ತಿರುಗಿಸಿದ. ಹವಾಲ್ದಾರ್ ತನ್ನ ಸೈನ್ಯ ಸೇವಾ ಪದಕವನ್ನು ಮುಂದೆ ತರಲು ಕೇಳಿದ್ದೂ ಸತ್ತ ಗೆಳೆಯನಿಗಾಗಿಯೇ. ಪದಕದ ಜಾಗ ಬದಲಿಸಲು ಬರುವುದಿಲ್ಲ. ಅದು ಯಾರ ಹೆಸರಿನಲ್ಲಿ ಎದೆಯ ಮೇಲಿದೆ ಎಂಬುದನ್ನು ಯಾವ ಪಟ್ಟಿಯೂ ತಡೆಯುವುದಿಲ್ಲ, ಇದನ್ನು ಅವನಿಗೆ ಆಮೇಲೆ ಹೇಳಿದೆ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಲಸೂರು ಕೆರೆಯ ಬಳಿಯ ನಮ್ಮ ಸೆಂಟರಿನಿಂದ ದೂರವೇನಿಲ್ಲ, ಭಾನುವಾರದ ಔಟ್‌ಪಾಸಿನಲ್ಲಿ ಹೋಗಿಬರಬಹುದು. ಪದಕ ಕಟ್ಟಿಸಿಕೊಳ್ಳಲು ಬಂದ ಹುಡುಗರಿಗೆ, ಪರೇಡಿಗೆ ಮುಂಚೆ ಒಮ್ಮೆ ನೋಡಿ ಬಾ ಎನ್ನುತ್ತಿದ್ದೆ. ಕೆಲವರು ಹೋಗಿಬಂದರು.